ಸಲಹಾ ಪೆಟ್ಟಿಗೆಯ ತಕರಾರು

ಜೂನ್ ೪

ದಂತವೈಭವಸಂಪನ್ನಳೂ ಇದೀಗ ಧನವಂತಳೂ ಆದ ಅಕ್ಕನ ಸನ್ನಿಧಿಗೆ,

ವಿಷಯ: ನೀನು ಶ್ರೀಮಂತಳಾಗಿರುವ ಬಗ್ಗೆ.
ಉಲ್ಲೇಖ: ಅತ್ತೆಯ ಹೊಲಿಗೆ ಡಬ್ಬಿಯ ತಳ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಯಪಡಿಸುವುದೇನೆಂದರೆ, ನಿನ್ನೆ ಬೆಳಿಗ್ಗೆ ಅತ್ತೆ ಹಲ್ಲು ಸೆಟ್ಟು ಹಾಕಿಕೊಂಡರು. ನೀನು ಮಾಡಿ ಕಳಿಸಿದ ಆ ಸೆಟ್ಟು ನೀರಿನ ಲೋಟದಿಂದ ಹೊರಗೆ ಬರುವುದು ವರ್ಷಕ್ಕೆ ಎರಡೋ ಮೂರೋ ಸಲ. ಯಾರಾದರೂ ಸತ್ತಾಗ, ಇಲ್ಲವೇ ಯಾವುದಾದರೂ ಕಚೇರಿಗೆ ಹೋಗಬೇಕಾದಾಗ. ಸದ್ಯಕ್ಕೆ ಯಾರೂ ಸತ್ತಿರಲಿಲ್ಲ. "ಯಾವ ಆಫೀಸು ಅತ್ತೆ?" ಎಂದೆ. "ಪತ್ತಿನ ಸಂಘ. ಹತ್ತು ವರ್ಷದ ಠೇವಣಿ, ಅವಧಿ ಮುಗಿದಿದೆ. ನಡಿ, ಮೆಟ್ಟಿಲು ಹತ್ತೋಕೆ ಒಂದು ಕೈ ಬೇಕು" ಎಂದರು. ಹೀಗೆ ನಾನು ಕೈಯಾಗಿ ಹೋದೆ.

ಬಸ್ಸಿನಲ್ಲಿ, ಹೊಲಿಗೆ ಡಬ್ಬಿಯ ತಳದಿಂದ ತೆಗೆದಿದ್ದ ಠೇವಣಿ ಚೀಟಿಯನ್ನು ನನ್ನ ಕೈಗೆ ಕೊಟ್ಟರು, ಗಾಳಿಗೆ ಹಾರದಿರಲಿ ಎಂದು. ನಾನು ದಿನಕ್ಕೆ ಮೂವತ್ತು ಅರ್ಜಿ ಟೈಪು ಮಾಡುವವನು, ಕಾಗದ ಕೈಗೆ ಬಂದರೆ ಓದದೆ ಬಿಡುವ ಜಾತಿಯಲ್ಲ. ಓದಿದೆ. ಠೇವಣಿದಾರರ ಹೆಸರಿಗೆ ಮೂರು ಗೆರೆ ಮುದ್ರಿಸಿದ್ದಾರೆ. ಮೊದಲ ಗೆರೆಯ ಮೇಲೆ ಅತ್ತೆ. ಎರಡನೆಯದರ ಮೇಲೆ ನೀನು. ಮೂರನೆಯದನ್ನು ಅತ್ತೆ ಅಡ್ಡಗೆರೆ ಎಳೆದು ಮುಚ್ಚಿದ್ದಾರೆ, ಸ್ಕೇಲಿಟ್ಟು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಿಯಾದಾಗ ಬಂದ ಹಣ, ಆ ದಿನವೇ ಇಟ್ಟಿದ್ದಾರೆ. ಆಗ ನನಗೆ ಹದಿನಾಲ್ಕು ವರ್ಷ, ನಾನು ಅದೇ ಮನೆಯಲ್ಲಿದ್ದೆ, ನನ್ನ ಹೆಸರಿನಲ್ಲಿ ಮೂರೇ ಅಕ್ಷರ, ಗೆರೆಯೊಳಗೆ ಆರಾಮಾಗಿ ಹಿಡಿಸುತ್ತಿತ್ತು. ಇದು ದೂರಲ್ಲ. ಬರೀ ಅಳತೆ.

ಸಂಘದ ಮ್ಯಾನೇಜರು ಚೀಟಿಯನ್ನು ತಿರುಗಿಸಿ ನೋಡಿ, ಬೆಳಕಿಗೆ ಹಿಡಿದು ನೋಡಿ, "ಸೋಮವಾರ ಬನ್ನಿ" ಎಂದರು. ಇವತ್ತೇ ಸೋಮವಾರ ಎಂದು ನಾನು ವಿನಯದಿಂದ ನಿವೇದಿಸಿಕೊಂಡೆ. "ಬರೋ ಸೋಮವಾರ" ಎಂದರು.

ಬರುವಾಗ ಅತ್ತೆ ಬಸ್ಸಿನಲ್ಲಿ ಪೂರ್ತಿ ದಾರಿ ನಿನ್ನ ಬಗ್ಗೆಯೇ ಮಾತಾಡಿದರು. ನಾನು ಒಂದು ಒಳ್ಳೆಯ ಜೋಕು ಹೇಳಿದೆ, ನಕ್ಕರು. ನಗಿಸಿದ್ದು ನಾನು, ಕಂಡದ್ದು ಮಾತ್ರ ನಿನ್ನ ಹಲ್ಲು.

ಇಂತಿ ತಮ್ಮ ವಿಧೇಯ,
ಮೂರನೆಯ ಗೆರೆ


ಜೂನ್ ೧೧

ಪಿಟೀಲು,

ಕಾಗದ ಬಂತು. ನಾಲ್ಕು ಸಾಲಿನ ಸುದ್ದಿಯನ್ನು ಎರಡು ಪುಟ ಕುಯ್ದಿದ್ದೀಯ. ಆ ಹೆಸರು ನಿನಗೆ ಸುಮ್ಮನೆ ಇಟ್ಟದ್ದಲ್ಲ.

ಠೇವಣಿಯ ವಿಷಯ ನನಗೂ ಗೊತ್ತಿದ್ದದ್ದು ಕಳೆದ ವರ್ಷದಿಂದ ಮಾತ್ರ. ಅತ್ತೆ ಒಂದು ಸಾಲು ಬರೆದಿದ್ದರು: 'ನಿನಗೆ ಅಂತ ಇಟ್ಟದ್ದು ಬರೋ ಜೂನ್‌ಗೆ ಬರುತ್ತೆ.' ಅಷ್ಟೇ. ಅವರು ನನಗೆ ಬರೆಯುವುದೇ ಹಾಗೆ, ಟ್ರಂಕ್ ಕಾಲಿಗೆ ನಿಮಿಷದ ಲೆಕ್ಕ ಹಾಕಿದ ಹಾಗೆ.

ಈಗ ಗಂಭೀರವಾಗಿ ಕೇಳು. ನನಗೆ ಹಲ್ಲು ಮಾಡುವ ಕೆಲಸ ಕಲಿಸಿದ ಮೇಷ್ಟ್ರಿಗೆ ಕೈ ನಡುಕ ಶುರುವಾಗಿದೆ. ಹಲ್ಲು ಮಾಡುವವನ ಕೈ ನಡುಗಿದರೆ ಊರಿನವರೆಲ್ಲ ಸೊಟ್ಟ ನಗಬೇಕಾಗುತ್ತದೆ, ಅದಕ್ಕೇ ವರ್ಕ್‌ಶಾಪು ಬಿಡುತ್ತೇನೆ ಎಂದಿದ್ದಾರೆ. ಹಲ್ಲು ಸುಡುವ ಕುಲುಮೆ, ಎರಡು ಮೇಜು, ನಮಗೆ ಕೆಲಸ ಕಳಿಸುವ ಹನ್ನೊಂದು ದಂತವೈದ್ಯರು, ಎಲ್ಲ ಸೇರಿ ಒಂದು ಬೆಲೆ. ಮೊದಲ ಮಾತು ನನಗೇ ಕೊಟ್ಟಿದ್ದಾರೆ. ಸೆಪ್ಟೆಂಬರ್ ಮೂವತ್ತರೊಳಗೆ ದುಡ್ಡು ಕೊಟ್ಟರೆ ನನ್ನದು. ಇಲ್ಲದಿದ್ದರೆ ಅವರ ಅಳಿಯನದು. ಆ ಅಳಿಯ ಈಗಾಗಲೇ ನನ್ನ ಸ್ಟೂಲಿನ ಎತ್ತರ ಇಳಿಸಿ ಕೂತು ನೋಡಿದ್ದಾನೆ. ಹದಿನಾರು ವರ್ಷ ನಾನು ಕೂತ ಸ್ಟೂಲು ಅದು.

ಆದ್ದರಿಂದ ಪ್ರತಿ ಸೋಮವಾರ ಹೋಗು. ಮ್ಯಾನೇಜರ ಹತ್ತಿರ ನಿನ್ನ ನಾಟಕ ಬೇಡ.

ಅತ್ತೆ ಸೆಟ್ಟು ದಿನಾ ಹಾಕಿಕೊಳ್ಳಲ್ಲ ಅಂದೆಯಲ್ಲ, ಎಲ್ಲಿ ಒತ್ತುತ್ತದೆ ಕೇಳಿ ಬರಿ. ಮೇಲೋ ಕೆಳಗೋ. ನನಗೆ ಅವರು ಹೇಳುವುದಿಲ್ಲ.

ಅಕ್ಕ


ಜೂನ್ ೧೮

ಭಾವೀ ಕುಲುಮೆ ಒಡತಿಯವರಿಗೆ,

ವಿಷಯ: ಎರಡನೆಯ ಸೋಮವಾರ ಮತ್ತು ಮೂರನೆಯ ಸೋಮವಾರ.

ಎರಡನೆಯ ಸೋಮವಾರ ಮ್ಯಾನೇಜರು ರಜೆ. ಮೂರನೆಯ ಸೋಮವಾರ ಅಂದರೆ ನಿನ್ನೆ, ಮ್ಯಾನೇಜರು ಇದ್ದರು, ಆದರೆ ಲೆಕ್ಕ ತಪಾಸಣೆಯವರು ಬರುತ್ತಾರೆಂದು ಇಡೀ ಸಂಘ ಕಪಾಟು ಒರೆಸುತ್ತಿತ್ತು. ನಮ್ಮನ್ನು ಒಂದೂವರೆ ಗಂಟೆ ಬೆಂಚಿನ ಮೇಲೆ ಕೂರಿಸಿದರು.

ಆ ಒಂದೂವರೆ ಗಂಟೆಯಲ್ಲಿ ಅತ್ತೆ ಪಕ್ಕದ ಹೆಂಗಸಿಗೆ ನಿನ್ನ ಚರಿತ್ರೆಯನ್ನು ಪೂರ್ತಿ ಹೇಳಿದರು. ಹದಿನೇಳನೇ ವಯಸ್ಸಿಗೆ ಒಬ್ಬಳೇ ರೈಲು ಹತ್ತಿದ್ದು. ಕೆಲಸ ಕಲಿತದ್ದು. ಮೊದಲ ಸಂಬಳದಲ್ಲಿ ಅತ್ತೆಗೆ ಕೊಡೆ ಕಳಿಸಿದ್ದು. "ಆ ಕೊಡೆ ಇವತ್ತಿಗೂ ಒಂದು ಕಡ್ಡಿ ಅಲ್ಲಾಡಿಲ್ಲ" ಎಂದರು. ಆ ಹೆಂಗಸು ನನ್ನ ಕಡೆ ನೋಡಿ, "ಇವರು?" ಎಂದಳು. "ಇವನು ನಮ್ಮನೇಲೇ ಇರ್ತಾನೆ" ಎಂದರು ಅತ್ತೆ. ಅಕ್ಕಾ, ಅದೇ ಧಾಟಿಯಲ್ಲಿ ಅವರು ಮೊನ್ನೆ ಯಾರಿಗೋ ನಮ್ಮ ಮೀಟರ್ ಬಾಕ್ಸು ತೋರಿಸಿದ್ದನ್ನು ನಾನು ಕೇಳಿದ್ದೇನೆ. ಆ ಕೊಡೆಯ ಕಡ್ಡಿ ಅಲ್ಲಾಡಿತ್ತು, ಹೋದ ವರ್ಷ ನಾನೇ ತಂತಿ ಸುತ್ತಿ ಸರಿ ಮಾಡಿದ್ದು. ಅದನ್ನೂ ದಾಖಲೆಗಾಗಿ ಮಾತ್ರ ಹೇಳುತ್ತಿದ್ದೇನೆ.

ಬೆಂಚಿನ ಎದುರಿಗೆ ಗೋಡೆಗೆ ಒಂದು ಸಲಹಾ ಪೆಟ್ಟಿಗೆ ಇದೆ. ಬೀಗಕ್ಕೆ ತುಕ್ಕು ಹಿಡಿದಿದೆ, ಸೀಳಿನಲ್ಲಿ ಜೇಡರ ಬಲೆ. ಕಾಲ ಕಳೆಯಲು ನಾನೂ ಒಂದು ಹಾಳೆ ಬರೆದು ಅದರ ಬಾಯಿಗೆ ಹಾಕಿದೆ. ಏನು ಬರೆದೆ ಎಂದು ಕೇಳಬೇಡ, ಅದು ನನಗೂ ಪೆಟ್ಟಿಗೆಗೂ ಬಿಟ್ಟ ವಿಷಯ.

ಸೆಟ್ಟು ಕೆಳಗಡೆ ಎಡಕ್ಕೆ ಒತ್ತುತ್ತದಂತೆ. "ಅವಳಿಗೆ ಬರೀಬೇಡ, ಬೇಜಾರು ಮಾಡ್ಕೋತಾಳೆ" ಎಂದರು. ನನ್ನ ಸಾರಿಗೆ ಉಪ್ಪು ಜಾಸ್ತಿಯಾದರೆ ಮಾತ್ರ ಬೀದಿಗೆಲ್ಲ ಕೇಳಿಸುತ್ತದೆ.

ಇಂತಿ,
ನಮ್ಮನೇಲೇ ಇರುವವನು


ಜುಲೈ ೯

ಅಕ್ಕ,

ಇವತ್ತು ಆತುರದಲ್ಲಿ ಬರೆಯುತ್ತಿದ್ದೇನೆ. ಮ್ಯಾನೇಜರು ಹಣ ಕೊಡುವುದಿಲ್ಲ ಎಂದರು. ಚೀಟಿಯ ಮೇಲೆ ಕೆಂಪು ಮಸಿಯಲ್ಲಿ 'ತಕರಾರು ಇದೆ' ಎಂದು ಮುದ್ರೆ ಒತ್ತಿ ವಾಪಸು ಕೊಟ್ಟರು. ಕುಟುಂಬದವರೊಬ್ಬರಿಂದ ಲಿಖಿತ ತಕರಾರು ಬಂದಿದೆಯಂತೆ, ಅದು ಇತ್ಯರ್ಥವಾಗುವವರೆಗೆ ಹಣ ಮುಟ್ಟುವಂತಿಲ್ಲವಂತೆ. "ಯಾರದು ತಕರಾರು?" ಎಂದು ಅತ್ತೆ ಕೇಳಿದರು. "ಅದು ಕಡತದ ಗುಟ್ಟು" ಎಂದರು ಅವರು.

ಅತ್ತೆ ಹೆದರಿದ್ದಾರೆ. ನಾನು ಹೆದರಿಲ್ಲ. ಯಾವುದೋ ಗುಮಾಸ್ತನ ಎಡವಟ್ಟಿರಬೇಕು, ಸರಿಹೋಗುತ್ತದೆ.

ತಮ್ಮ


ಜುಲೈ ೧೬

ಪಿಟೀಲು,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. 'ಕುಟುಂಬದವರೊಬ್ಬರು' ಎಂದರೆ ಯಾರು? ಕುಟುಂಬ ಎಂದರೆ ನಾವು ಮೂವರು. ನಾನು ಬರೆದಿಲ್ಲ. ನೀನು ಸಂಘಕ್ಕೆ ಅತ್ತೆಯ ಕೈಯಾಗಿ ಹೋಗುವವನು, ನಿನಗೆ ಆ ಹಣದಲ್ಲಿ ಹೆಸರೂ ಇಲ್ಲ. ಉಳಿದವರು ಅವರೊಬ್ಬರೇ.

ನನಗೆ ಆಶ್ಚರ್ಯವೇನೂ ಆಗಲಿಲ್ಲ. ಹತ್ತು ವರ್ಷದ ಹಿಂದೆ ನನಗೆ ಎಂದು ಇಟ್ಟಿರಬಹುದು. ಹತ್ತು ವರ್ಷದಲ್ಲಿ ದಿನಾ ಅವರ ಕಣ್ಣೆದುರು ಓಡಾಡಿದವನು ನೀನು. ಕನ್ನಡಕ ಹುಡುಕಿದವನು ನೀನು, ಮೆಟ್ಟಿಲಲ್ಲಿ ಕೈ ಕೊಟ್ಟವನು ನೀನು. ಮನಸ್ಸು ತಿರುಗಿದೆ, ಬಾಯಿ ಬಿಟ್ಟು ಹೇಳಲು ಸಂಕೋಚ, ಸಂಘಕ್ಕೆ ಗುಟ್ಟಾಗಿ ಬರೆದಿದ್ದಾರೆ. ನಿನ್ನ ಮುಂದೆ ಗೊತ್ತಿಲ್ಲದವರಂತೆ 'ಯಾರದು' ಎಂದು ಕೇಳಿದ್ದಾರೆ. ಎಕ್ಸ್‌ಚೇಂಜಿನಲ್ಲಿ ಎಲ್ಲರ ಮಾತು ಕೇಳಿಸಿಕೊಂಡೂ ಏನೂ ಕೇಳದವರ ಹಾಗೆ ಕೂತವರಲ್ಲವೇ.

ನೀನು ಅವರನ್ನು ಏನೂ ಕೇಳಬೇಡ. ನನಗೂ ಅವರಿಗೂ ಇರುವುದು ತಿಂಗಳಿಗೆ ಎರಡು ಸಾಲು, ಅದನ್ನೂ ಕೆಡಿಸಿಕೊಳ್ಳಲಾರೆ. ಆದರೆ ಠೇವಣಿ ಬಿಡುವುದಿಲ್ಲ. ಗ್ರಾಹಕರ ಆಯೋಗಕ್ಕೆ ದೂರು ಬರಿ, ಇಬ್ಬರ ಹೆಸರಲ್ಲೂ. ನನ್ನ ಸಹಿಯ ಅಧಿಕಾರಪತ್ರ ಇದರ ಜೊತೆ ಇದೆ. ಅತ್ತೆ ಸಹಿ ಹಾಕುತ್ತಾರೋ ಇಲ್ಲವೋ ನೋಡೋಣ. ಹಾಕಲು ಹಿಂದೆಮುಂದೆ ನೋಡಿದರೆ ನನಗೆ ಉತ್ತರ ಸಿಕ್ಕ ಹಾಗೆ.

ಅಳಿಯ ಇವತ್ತು ಕುಲುಮೆಯ ಬಾಗಿಲು ತೆಗೆದು ತೆಗೆದು ಹಾಕುತ್ತಿದ್ದ. ಕಿವಿಗೆ ಕಾಯಿಸಿದ ಕಡ್ಡಿ ಇಟ್ಟ ಹಾಗಾಗುತ್ತದೆ.

ಅಕ್ಕ


ಜುಲೈ ೩೦

ಮಾನ್ಯ ದೂರುದಾರಳೇ,

ದೂರು ಸಲ್ಲಿಸಲಾಗಿದೆ. ಹನ್ನೆರಡು ಪುಟ, ಮೂರು ಪ್ರತಿ. ನಮ್ಮ ಟೈಪಿಂಗ್ ಅಂಗಡಿಯ ಯಜಮಾನರು ಓದಿ, "ಇಷ್ಟು ಅಚ್ಚುಕಟ್ಟಾದ ದೂರು ನನ್ನ ಸರ್ವೀಸಿನಲ್ಲೇ ನೋಡಿಲ್ಲ ಕಣೋ" ಎಂದರು. 'ಸೇವಾ ನ್ಯೂನತೆ' ಎಂಬ ಮಾತನ್ನು ಒಂಬತ್ತು ಕಡೆ ಬಳಸಿದ್ದೇನೆ.

ಅತ್ತೆ ಸಹಿ ಹಾಕಿದರು. ಪ್ರತಿ ಪುಟಕ್ಕೂ ಕನ್ನಡಕ ಒರೆಸಿಕೊಂಡು ಓದಿ ಹಾಕಿದರು, ಅದಕ್ಕೆ ತಡವಾಯಿತು. ಹಿಂದೆಮುಂದೆ ನೋಡಿದರೋ ಇಲ್ಲವೋ ನನಗೆ ಹೇಳಲು ಬರುವುದಿಲ್ಲ.

ನೀನು ಬರೆದದ್ದನ್ನು ಅವರಿಗೆ ಹೇಳಿಲ್ಲ. ನಿನ್ನ ಊಹೆಯ ಬಗ್ಗೆ ನನ್ನ ಅಭಿಪ್ರಾಯ ಕೇಳಿಲ್ಲವಾದ್ದರಿಂದ ಕೊಡುತ್ತಿಲ್ಲ. ಒಂದು ಮಾತು ಮಾತ್ರ. ಅತ್ತೆ ನನ್ನ ಕಡೆ ವಾಲಿದ್ದಾರೆ ಎಂದು ನಿನಗೂ ಅನ್ನಿಸಿತಲ್ಲ, ಅದನ್ನು ಓದಿದ ದಿನ ನನಗೆ ಎರಡು ಲೋಟ ಚಹಾ ಹೆಚ್ಚು ರುಚಿಸಿತು. ಇದು ಒಳ್ಳೆಯ ಗುಣವಲ್ಲ ಎಂದು ಗೊತ್ತು.

ಇಂತಿ,
ದೂರು ಬರೆದವನು


ಆಗಸ್ಟ್ ೨೭

ಸಂಘದವರು ಆಯೋಗಕ್ಕೆ ಕೊಟ್ಟ ಉತ್ತರದ ನಕಲು ನನಗೂ ಅಂಚೆಯಲ್ಲಿ ಬಂತು. ಅದರ ಅನುಬಂಧ ಒಂದನ್ನು ಕೆಳಗೆ ಬರೆದಿದ್ದೇನೆ, ನಿನ್ನ ಸಾಹಿತ್ಯದ ನೆನಪು ನಿನಗೆ ಇಲ್ಲದಿದ್ದರೆ ಎಂದು.

'ಮಾನ್ಯ ವ್ಯವಸ್ಥಾಪಕರಿಗೆ. ವಿಷಯ: ಅತ್ತೆಯವರ ಪ್ರೀತಿಯ ಅಸಮ ಹಂಚಿಕೆ ಕುರಿತು ತಕರಾರು. ಮಾನ್ಯರೇ, ಕೆಳಗೆ ಸಹಿ ಮಾಡಿರುವ ನಾನು ಸದರಿ ಠೇವಣಿದಾರರ ತಮ್ಮನ ಮಗನಾಗಿದ್ದು, ಹತ್ತೊಂಬತ್ತು ವರ್ಷಗಳಿಂದ ಅವರ ಕನ್ನಡಕ ಹುಡುಕುವ, ಕೊಡೆ ರಿಪೇರಿ ಮಾಡುವ ಹಾಗೂ ಒಂದೇ ಕಥೆಯನ್ನು ಪದೇಪದೇ ಕೇಳುವ ಸೇವೆಯನ್ನು ಯಾವುದೇ ಸಂಭಾವನೆ ಇಲ್ಲದೆ ಸಲ್ಲಿಸುತ್ತಾ ಬಂದಿರುತ್ತೇನೆ. ಆದಾಗ್ಯೂ ಸದರಿ ಠೇವಣಿಯಲ್ಲಿ ನನ್ನ ಹೆಸರಿನ ಒಂದಕ್ಷರವೂ ಕಂಡುಬಂದಿರುವುದಿಲ್ಲ. ದೂರದಲ್ಲಿರುವ ಅಕ್ಕನಿಗೆ ಎಲ್ಲವೂ, ಹತ್ತಿರದಲ್ಲಿರುವ ನನಗೆ ಅಡ್ಡಗೆರೆಯೂ ಸಂದಿರುತ್ತದೆ. ಆದಕಾರಣ ನನಗೆ ನ್ಯಾಯ ದೊರಕುವವರೆಗೆ ಸದರಿ ಹಣವನ್ನು ಯಾರಿಗೂ ಪಾವತಿಸಬಾರದೆಂದು ಕಳಕಳಿಯಿಂದ ಕೋರುತ್ತೇನೆ.'

ಕೆಳಗೆ ಸಹಿ, ತಾರೀಖು, ಠೇವಣಿ ಚೀಟಿಯ ನಂಬರು ಕೂಡ. ನಂಬರು ಯಾಕೆ ಹಾಕಿದೆ? ಯಾವ ತಮಾಷೆಗೆ ಚೀಟಿ ನಂಬರು ಬೇಕು?

ನಾನು ಅತ್ತೆಯ ಮೇಲೆ ಅನುಮಾನ ಪಡುವ ಹಾಗೆ ನೀನು ಮಾಡಿದೆ. ಆರು ವಾರ ನಾನು ಅವರಿಗೆ ಕಾಗದ ಬರೆಯಲಿಲ್ಲ. ನೀನು ಅದನ್ನು ನೋಡಿಕೊಂಡು ಚಹಾ ಕುಡಿದೆ.

ಇನ್ನು ಮೂವತ್ತನಾಲ್ಕು ದಿನ ಇದೆ. ನನಗೆ ಬರೆಯಬೇಡ, ಆಯೋಗಕ್ಕೆ ಬರಿ.


ಸೆಪ್ಟೆಂಬರ್ ೩

ಅಕ್ಕ,

ಬರೆಯಬೇಡ ಎಂದಿದ್ದೀಯ. ಆಯೋಗಕ್ಕೆ ಬರೆದಾಯಿತು, ಮೊನ್ನೆಯೇ ಅಫಿಡವಿಟ್ ಕೊಟ್ಟೆ. ಇದು ಅದರಲ್ಲಿ ಹಿಡಿಸದೆ ಉಳಿದದ್ದು.

ನಂಬರು ಯಾಕೆ ಹಾಕಿದೆ ಎಂದು ಕೇಳಿದ್ದೀಯ. ಕೈ ಹಾಗೆ ಪಳಗಿಬಿಟ್ಟಿದೆ. ಏಳು ವರ್ಷದಿಂದ ಬೇರೆಯವರ ಸಂಕಟಕ್ಕೆ ವಿಷಯ, ಉಲ್ಲೇಖ, ನಂಬರು, ತಾರೀಖು ಹಾಕುತ್ತಿದ್ದೇನೆ. ನಂಬರಿಲ್ಲದ ಅರ್ಜಿ ನನ್ನ ಕೈಯಿಂದ ಹೊರಡುವುದಿಲ್ಲ. ಯಾರಾದರೂ ಓದುತ್ತಾರೆ ಎಂದು ನಾನು ಅಂದುಕೊಂಡಿರಲಿಲ್ಲ. ಆ ಪೆಟ್ಟಿಗೆಯನ್ನು ಎಂಟು ವರ್ಷದಿಂದ ಯಾರೂ ತೆಗೆದಿರಲಿಲ್ಲವಂತೆ. ತಪಾಸಣೆಯವರು ಬರುತ್ತಾರೆಂದು ಅವತ್ತು ಸಂಜೆ ಬೀಗ ಒಡೆದರಂತೆ. ಒಳಗೆ ಒಂದು ಅಂಗಿ ಗುಂಡಿ, ಸತ್ತ ಹಲ್ಲಿ, ನನ್ನ ಹಾಳೆ. ಗುಂಡಿ ಮತ್ತು ಹಲ್ಲಿಯನ್ನು ಕಡತಕ್ಕೆ ಹಾಕಲು ಬರುವುದಿಲ್ಲ. ನನ್ನದು ನೋಡಿದರೆ ಮೇಲಿಂದ ಕೆಳಗೆ ಥೇಟ್ ಅರ್ಜಿ. ಗುಮಾಸ್ತ ಒಳಗಿನದು ಓದಲೇ ಇಲ್ಲ, 'ತಕರಾರು' ಎಂಬ ಪದ ಕಂಡು ಮುದ್ರೆ ಒತ್ತಿದ. ಹಣ ಕೊಡದೆ ಸತಾಯಿಸಲು ನೆಪ ಹುಡುಕುತ್ತಿದ್ದ ಮ್ಯಾನೇಜರಿಗೆ ನಾನೇ ನೆಪ ಬರೆದು, ಸಹಿ ಹಾಕಿ ಕೊಟ್ಟ ಹಾಗಾಯಿತು.

ಇಷ್ಟು ಹೇಳಿದರೆ ಎಲ್ಲ ಪೆಟ್ಟಿಗೆಯ ತಪ್ಪು ಅನ್ನಿಸುತ್ತದೆ. ಅಲ್ಲ. ಜುಲೈ ಒಂಬತ್ತರಂದು ಕೆಂಪು ಮುದ್ರೆ ನೋಡಿದ ಕ್ಷಣವೇ ನನಗೆ ಗೊತ್ತಾಗಿತ್ತು. ಅಲ್ಲೇ ಹೇಳಿದ್ದರೆ ಹತ್ತು ನಿಮಿಷದ ಕೆಲಸ. ಹೇಳಲಿಲ್ಲ, ಯಾಕೆಂದರೆ ಅತ್ತೆ ಅವತ್ತು ಮನೆಗೆ ಬಂದು ನಿನ್ನ ಮಾತಾಡಲಿಲ್ಲ. ನನ್ನನ್ನು ಕೂರಿಸಿಕೊಂಡು, "ಈಗೇನು ಮಾಡೋದೋ" ಎಂದು ಕೇಳಿದರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನನ್ನನ್ನು ಏನು ಮಾಡೋದು ಎಂದು ಕೇಳಿದ್ದು. ಇನ್ನೊಂದು ವಾರ ಕೇಳಲಿ ಎಂದು ಸುಮ್ಮನಿದ್ದೆ. ಆಮೇಲೆ ನಿನ್ನ ಕಾಗದ ಬಂತು, ನೀನು ತಪ್ಪು ಮನೆಯ ಬಾಗಿಲು ಬಡಿಯುತ್ತಿದ್ದೀಯ ಎಂದು ಗೊತ್ತಾಯಿತು. ಆಗಲೂ ಸುಮ್ಮನಿದ್ದೆ. ನಿನಗೂ ಒಮ್ಮೆ ಉರಿಯಲಿ ಎಂದು.

ಅತ್ತೆಗೆ ಇನ್ನೂ ಹೇಳಿಲ್ಲ, ಮನೆಗೆ ಬಂದ ನಕಲು ನನ್ನ ಹತ್ತಿರವೇ ಇದೆ. ವಿಚಾರಣೆ ಹದಿನೆಂಟಕ್ಕೆ ಇದೆ.

ತಮ್ಮ


ಸೆಪ್ಟೆಂಬರ್ ೨೦

ಅಕ್ಕ,

ನಿನ್ನಿಂದ ಉತ್ತರ ಇಲ್ಲ. ಇರಲಿ, ಆದೇಶದ ವಿಷಯ ತಿಳಿಸಲೇಬೇಕು.

ಆಯೋಗ ಎಂದರೆ ಒಂದು ಉದ್ದ ಕೋಣೆ, ಆರು ಫ್ಯಾನು, ಅದರಲ್ಲಿ ಎರಡು ತಿರುಗುತ್ತವೆ. ನಮ್ಮ ಮುಂದೆ ಒಬ್ಬರದು ಬಣ್ಣ ಬಿಟ್ಟ ಸೋಫಾದ ದೂರು, ಹಿಂದೆ ಒಬ್ಬರದು ತಂಪಾಗದ ಫ್ರಿಜ್ಜು. ಅಧ್ಯಕ್ಷರು ಒಬ್ಬ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ. ನನ್ನ ಅಫಿಡವಿಟ್ ನೋಡಿ, "ಇದು ಹಾಸ್ಯಕ್ಕಾಗಿ ಬರೆದದ್ದು ಅಂತೀರಿ. ಓದಿ, ಹಾಸ್ಯ ಇದೆಯೋ ಇಲ್ಲವೋ ನಾವೂ ನೋಡೋಣ" ಎಂದರು.

ಎದ್ದು ನಿಂತು ಓದಿದೆ. ಸೋಫಾದವರು ನಕ್ಕರು, ಫ್ರಿಜ್ಜಿನವರು ನಕ್ಕರು, ಸಂಘದ ವಕೀಲರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಅತ್ತೆ ನಗಲಿಲ್ಲ. ನಿನ್ನ ಸೆಟ್ಟು ಹಾಕಿಕೊಂಡು ಬಂದಿದ್ದರು, ಬಾಯಿ ಬಿಗಿಯಾಗಿ ಮುಚ್ಚಿತ್ತು. 'ಅಡ್ಡಗೆರೆ' ಎಂಬ ಪದವನ್ನು ಎರಡು ಸಲ ಓದಬೇಕಾಯಿತು. ಅಲ್ಲಿ ಯಾರೂ ನಗಲಿಲ್ಲ.

ಅಧ್ಯಕ್ಷರು ಮ್ಯಾನೇಜರನ್ನು ಕೇಳಿದರು, "ಇವರು ಠೇವಣಿದಾರರೇನ್ರಿ?" "ಅಲ್ಲ ಮೇಡಂ." "ಮತ್ತೆ ಇವರು ಹೊಟ್ಟೆಕಿಚ್ಚು ಪಟ್ಟರೆ ನೀವು ಯಾಕೆ ಹಣ ಹಿಡ್ಕೊಂಡ್ರಿ? ಯಾವ ನಿಯಮ ಅದು?" ಮ್ಯಾನೇಜರು ನಿಯಮದ ಪುಸ್ತಕ ಮಗುಚಿದರು. ಆ ನಿಯಮ ಸಿಗಲಿಲ್ಲ, "ಸೋಮವಾರದೊಳಗೆ ಹಾಜರುಪಡಿಸ್ತೀನಿ" ಎಂದರು. ಇದನ್ನು ನಾನು ಸೇರಿಸಿ ಹೇಳುತ್ತಿಲ್ಲ.

ಆಗ ಅತ್ತೆ ಎದ್ದು, "ನಾನೊಂದು ಮಾತು ಹೇಳಬಹುದಾ?" ಎಂದರು. ಹೇಳಿ ಎಂದರು ಅಧ್ಯಕ್ಷರು. ಅತ್ತೆ ಅವರ ಕಡೆಯೇ ನೋಡಿ ಹೇಳಿದರು, ನನ್ನ ಕಡೆ ತಿರುಗಲೇ ಇಲ್ಲ. ಒಂದಕ್ಷರ ಬಿಡದೆ ಬರೆಯುತ್ತೇನೆ.

"ಇವರ ಅಪ್ಪ ಅಮ್ಮ ಹೋದ್ಮೇಲೆ ಇಬ್ಬರು ಮಕ್ಕಳು ನನ್ನ ಕೈಗೆ ಬಂದ್ರು, ಒಬ್ಬಳ ಸಂಬಳದಲ್ಲಿ ಒಂದು ಮಗು ಸಾಕಬಹುದಿತ್ತು. ದೊಡ್ಡವಳನ್ನ ಕೆಲಸ ಕಲೀಲಿ ಅಂತ ಕಳಿಸಿದೆ. ಸ್ಟೇಷನ್ನಿಗೆ ಹೋಗ್ಲಿಲ್ಲ, ಡ್ಯೂಟಿ ಇದೆ ಅಂದೆ. ಡ್ಯೂಟಿ ಇರ್ಲಿಲ್ಲ. ಇವನನ್ನ ನನ್ನ ಹತ್ರ ಇಟ್ಕೊಂಡೆ. ಅವಳನ್ನ ಇಟ್ಕೊಳ್ಳೋಕೆ ಆಗ್ಲಿಲ್ಲ, ಅದಕ್ಕೆ ಅವಳಿಗೆ ಅಂತ ಇಟ್ಟೆ. ಇಟ್ಕೊಂಡವನಿಗೆ ಇನ್ನೇನು ಇಡೋದು ಮೇಡಂ?"

ಅಧ್ಯಕ್ಷರು ಆದೇಶ ಬರೆಸಿದರು. ಅಸಲು, ಬಡ್ಡಿ, ತಡ ಮಾಡಿದ ದಿನಗಳಿಗೆ ಹೆಚ್ಚಿನ ಬಡ್ಡಿ, ಖರ್ಚು, ಎಲ್ಲವನ್ನೂ ಮೂವತ್ತು ದಿನದೊಳಗೆ ಪಾವತಿಸತಕ್ಕದ್ದು. ಮೂವತ್ತು ದಿನ ಎಂದರೆ ಅಕ್ಟೋಬರ್ ಹದಿನೆಂಟು. ನಿನ್ನ ಗಡುವು ಸೆಪ್ಟೆಂಬರ್ ಮೂವತ್ತಕ್ಕೆ. ನಾನು ಎದ್ದು, ಇನ್ನು ಹನ್ನೆರಡು ದಿನದಲ್ಲೇ ಕೊಡಿಸಬೇಕು ಎಂದು ಬೇಡಿದೆ. "ಅದನ್ನ ಜೂನ್‌ನಲ್ಲಿ ಯೋಚನೆ ಮಾಡಬೇಕಿತ್ತು" ಎಂದರು. ಈ ಎರಡು ದಿನವೂ ಸಂಘದ ಬಾಗಿಲಲ್ಲೇ ಕೂತಿದ್ದೇನೆ. ಕೊನೆಯ ದಿನದವರೆಗೆ ಅವರು ಬಿಚ್ಚುವ ಹಾಗೆ ಕಾಣುವುದಿಲ್ಲ.

ಬರುವಾಗ ಬಸ್ಸಿನ ನಾಲ್ಕನೆಯ ಸ್ಟಾಪಿನಲ್ಲಿ ಅತ್ತೆ, "ಕನ್ನಡಕ ಹುಡುಕೋದು ಸೇವೆ ಅಂತ ಗೊತ್ತಿರ್ಲಿಲ್ಲ. ಹತ್ತೊಂಬತ್ತು ವರ್ಷದ ಬಿಲ್ಲು ಕೊಡು, ಸೆಟ್ಲ್ ಮಾಡಿಬಿಡೋಣ" ಎಂದರು.

ಕುಲುಮೆ ಹೋದರೆ ಅದು ನನ್ನಿಂದ. ಇದಕ್ಕೆ ಯಾವ ನಮೂನೆಯಲ್ಲಿ ಬರೆಯುವುದೋ ನನಗೆ ಗೊತ್ತಿಲ್ಲ.

ತಮ್ಮ


ಅಕ್ಟೋಬರ್ ೨೨

ಪಿಟೀಲು,

ಹಣ ಹದಿನೆಂಟಕ್ಕೆ ಬಂತು. ಕುಲುಮೆ ಒಂದನೇ ತಾರೀಖಿಗೇ ಹೋಗಿತ್ತು. ಮೇಷ್ಟ್ರು ಎರಡು ದಿನ ತಡೆದು ನೋಡುತ್ತೇನೆ ಎಂದರು, ಮಗಳು ಅತ್ತಳು, ಕೊಟ್ಟುಬಿಟ್ಟರು. ಮೂರು ವಾರ ಅಳಿಯನ ಕೈಕೆಳಗೆ ಕೆಲಸ ಮಾಡಿದೆ. ನಿನ್ನೆ ಅವನು ನಾನು ಕೆತ್ತಿದ ಒಂದು ದವಡೆ ಹಲ್ಲನ್ನು ಬೆಳಕಿಗೆ ಹಿಡಿದು, "ಪರವಾಗಿಲ್ಲ" ಎಂದ. ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ ಬಂದೆ.

ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಆದರೆ ನನ್ನದೂ ಒಂದು ತಪ್ಪಿದೆ, ಬರೆದು ಮುಗಿಸುತ್ತೇನೆ.

ನಿನ್ನ ಕಾಗದ ಬಂದಾಗ ನಾನು ಮೊದಲು ಅತ್ತೆಯ ಸುದ್ದಿ ಇಲ್ಲದ ಸಾಲುಗಳನ್ನು ಓದುತ್ತೇನೆ. ಅವರದ್ದು ಕೊನೆಗೆ. ಅವರು ಏನು ಅಂದರು, ಹೇಗೆ ನಕ್ಕರು, ಯಾವುದಕ್ಕೆ ಬೈದರು. ನನಗೆ ಯಾರಾದರೂ ಬೈದು ಹದಿನಾರು ವರ್ಷವಾಯಿತು. ಇಲ್ಲಿ ವರ್ಕ್‌ಶಾಪಿನಲ್ಲಿ ಊಟದ ಹೊತ್ತಿಗೆ ಎಲ್ಲರೂ ಮನೆಯ ಕಾಗದ ಓದುತ್ತಿದ್ದರು. ಅತ್ತೆಯ ಎರಡು ಸಾಲನ್ನು ಏನೆಂದು ಓದಲಿ. ನಿನ್ನ ಕಾಗದವನ್ನು ಅತ್ತೆ ಬರೆದದ್ದು ಎಂದು ಹೇಳಿ ಗಟ್ಟಿಯಾಗಿ ಓದುತ್ತಿದ್ದೆ. 'ನಾನು' ಇದ್ದಲ್ಲಿ ತಿದ್ದಿಕೊಂಡು ಓದುವುದು ಅಭ್ಯಾಸವಾಗಿಬಿಟ್ಟಿತ್ತು. "ನಿಮ್ಮ ಅತ್ತೆ ಎಷ್ಟು ತಮಾಷೆ ಮಾಡ್ತಾರೆ, ನಿನ್ನ ಕಂಡ್ರೆ ಎಷ್ಟು ಪ್ರೀತಿ" ಎನ್ನುತ್ತಿದ್ದರು. ನೀನು ಸಂಘಕ್ಕೆ ಸುಳ್ಳು ಬರೆದದ್ದು ಒಂದು ಹಾಳೆ. ನಾನು ಹತ್ತು ವರ್ಷ ಸುಳ್ಳು ಓದಿದ್ದೇನೆ.

ಸ್ಟೇಷನ್ನಿನ ವಿಷಯ ನನಗೆ ಗೊತ್ತಿತ್ತು. ರೈಲು ಹೊರಡುವಾಗ ಎಕ್ಸ್‌ಚೇಂಜಿಗೆ ಫೋನು ಮಾಡಿದ್ದೆ. ಇವತ್ತು ಅವರದು ರಜೆ ಎಂದರು.

ಹಣ ನನಗೆ ಬೇಕಾಗಿತ್ತು, ಬೇಡವಾಗಿತ್ತು ಎಂದು ದೊಡ್ಡಸ್ತಿಕೆ ತೋರಿಸುವುದಿಲ್ಲ. ಆದರೆ ಬರೀ ಹಣ ಅಲ್ಲ. ಆದ್ದರಿಂದ ಕೇಳು. ಹೊಸ ಕುಲುಮೆಗೆ ಆರ್ಡರು ಕೊಟ್ಟಿದ್ದೇನೆ, ಚಿಕ್ಕದು. ಅದು ಅತ್ತೆಯ ಮನೆಗೆ ಬರುತ್ತದೆ, ನಾನೂ ಬರುತ್ತೇನೆ. ನಿಮ್ಮ ಊರಿನಲ್ಲೂ ಹಲ್ಲಿಲ್ಲದವರು ಇದ್ದಾರೆಂದು ಕೇಳಿದ್ದೇನೆ. ಕಿಟಕಿ ಪೂರ್ವಕ್ಕಿರುವ ನಿನ್ನ ಕೋಣೆ ಬೇಕು. ಹಲ್ಲಿನ ಬಣ್ಣ ಬೆಳಗಿನ ಬೆಳಕಿನಲ್ಲೇ ನೋಡಬೇಕು. ನವೆಂಬರ್ ಐದರೊಳಗೆ ಖಾಲಿ ಮಾಡು.

ಅಕ್ಕ


ಅಕ್ಟೋಬರ್ ೩೦

ಅಕ್ಕ,

ಕೋಣೆ ಖಾಲಿಯಾಗಿದೆ. ಹತ್ತೊಂಬತ್ತು ವರ್ಷದ ನನ್ನ ಆಸ್ತಿ ಎರಡು ಟ್ರಂಕು, ಒಂದು ಮುರಿದ ಟೈಪ್‌ರೈಟರು.

ನೀನು ಬರುತ್ತೀಯ ಎಂದು ಓದಿ ಹೇಳಿದಾಗ ಅತ್ತೆ ಎದ್ದು ಹೋಗಿ ಗೋಡೆಗೆ ಬಳಿಯಲು ಸುಣ್ಣ ಕಲಸಿದರು. ಅರವತ್ತೆಂಟು ವರ್ಷದವರು ಸ್ಟೂಲು ಹತ್ತುತ್ತಿದ್ದಾರೆ, ಬೇಡ ಎಂದರೆ, "ನಿನ್ನ ಸೇವೆ ಬೇಡಪ್ಪಾ, ಬಿಲ್ ಕಟ್ಟೋ ಶಕ್ತಿ ನನಗಿಲ್ಲ" ಎನ್ನುತ್ತಾರೆ. ದಿನಕ್ಕೆ ಮೂರು ಸಲ ಹೀಗೆ ಚುಚ್ಚುತ್ತಾರೆ. ಪ್ರತಿ ಸಲವೂ ಹೊಸದು. ಇವರು ಇಷ್ಟು ಚೆನ್ನಾಗಿ ಚುಚ್ಚುತ್ತಾರೆಂದು ನನಗೆ ಗೊತ್ತಿರಲಿಲ್ಲ. ನೀನು ನನ್ನ ಕಾಗದವನ್ನು ಇವರದೆಂದು ಓದಿದ್ದು ಅಷ್ಟೇನೂ ಸುಳ್ಳಲ್ಲ, ನಾನು ಕಲಿತದ್ದು ಎಲ್ಲಿಂದ ಎಂದು ಈಗ ತಿಳಿಯಿತು. ಆದರೂ ನನ್ನ ಜೋಕುಗಳಿಗೆ ಹತ್ತು ವರ್ಷ ಇನ್ನೊಬ್ಬರು ಹೆಸರು ತೆಗೆದುಕೊಂಡರು ಎಂಬುದು ನುಂಗಲಾಗದ ತುತ್ತು. ಬಂದ ಮೇಲೆ ಮಾತಾಡೋಣ.

ನಿನ್ನೆ ಪೇಟೆಗೆ ಹೋಗಿ ನಿನಗೆ ಎಂದು ಹೊಸ ಚಾದರ ತಂದರು. ನೀಲಿ ಅಂಚಿನದು, ಅಂಗಡಿಯಲ್ಲಿ ಎಲ್ಲಕ್ಕಿಂತ ಬೆಲೆಯದು. ನನಗೆ ಅವರು ಚಾದರ ಕೊಂಡದ್ದು ನಾನು ಆರನೇ ಕ್ಲಾಸಿನಲ್ಲಿದ್ದಾಗ. ನೋಡುತ್ತಾ ನಿಂತೆ. ಕೊನೆಗೆ ಕೇಳಿಯೇಬಿಟ್ಟೆ.

"ಅತ್ತೆ, ನಾನೆಲ್ಲಿ ಮಲಗಲಿ?"

"ಯಾಕೆ, ನೀನೇನು ನೆಂಟನಾ? ಎಲ್ಲಾದ್ರೂ ಬಿದ್ಕೋ."

ರಾತ್ರಿ ಹಜಾರದಲ್ಲಿ ಬಿದ್ದುಕೊಂಡು ಈ ಮಾತನ್ನು ಹಿಂದೆಮುಂದೆ ತಿರುವಿ ನೋಡಿದೆ. ಈ ಮಾತು ನಿನಗೆ ಯಾವತ್ತೂ ಸಿಕ್ಕಿಲ್ಲ, ಅಲ್ಲವೇ? ಬಂದ ಕೂಡಲೇ ಸಿಗುವುದೂ ಇಲ್ಲ. ಮೊದಲು ಚಾದರ ಹಾಸುತ್ತಾರೆ, ಮೆತ್ತಗೆ ಮಾತಾಡುತ್ತಾರೆ, ಸಾರಿಗೆ ಉಪ್ಪು ಸಾಕಾ ಎಂದು ನಿನ್ನನ್ನೇ ಕೇಳುತ್ತಾರೆ. ಆ ನೀಲಿ ಅಂಚು ಮಾಸಿ, ಚಾದರ ಅ‌ಲ್ಲಲ್ಲಿ ಹರಿದು, ಅದರಲ್ಲಿ ಅವರು ನೆಲ ಒರೆಸುವವರೆಗೂ ಈ ಮನೆಯಲ್ಲಿ ನೀನು ನೆಂಟರ ಪೈಕಿ. ಅಲ್ಲಿಯವರೆಗೆ ನಾನು ಮುಂದಿದ್ದೇನೆ.

ಬೇಗ ಬಂದು ಚಾದರ ಹಳೆಯದು ಮಾಡು.

ತಮ್ಮ